ಎರಡು ಚಪ್ಪಾಳೆ, ಒಂದು ಚಹಾ

ನನ್ನ ಭಾವ ಗುಣಪಾಲನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ದಯವಿಟ್ಟು ಹೊಗಳಿಕೆ ಎಂದು ತಿಳಿಯಬೇಡಿ. ಪಳಗಿದವರು ಸುಳ್ಳು ಹೇಳುವ ಮೊದಲು ಅದು ಎಲ್ಲಿಯವರೆಗೆ ಹೋಗಬಹುದು ಎಂದು ಸ್ವಲ್ಪ ನೋಡಿಕೊಳ್ಳುತ್ತಾರೆ. ಗುಣಪಾಲನಿಗೆ ಆ ಅಭ್ಯಾಸ ಇಲ್ಲ. ಡೊಂಬಿವಲಿಯಲ್ಲಿ ಊಟಕ್ಕೆ ಕುಳಿತು ಅವನು ಹೇಳಿದ ಒಂದು ಸಣ್ಣ ಸುಳ್ಳು ನವಿ ಮುಂಬಯಿಯ ಒಂದು ಕಾರ್ಖಾನೆಯನ್ನು ಹಾಡಹಗಲೇ ನಿಲ್ಲಿಸಿತು. ಆ ಹೊತ್ತಿಗೆ ನಾನೂ ಅಲ್ಲೇ ಇದ್ದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಬರುವ ಸೀರೆ ಕೂಡ ನಮ್ಮ ಅಂಗಡಿಯದ್ದೇ.

ಗುಣಪಾಲ ನನ್ನ ತಂಗಿ ಲೋಲಾಕ್ಷಿಯ ಗಂಡ. ಉಡುಪಿ ಕಡೆಯಿಂದ ಬಂದು, ಠಾಣೆಯ ಹೋಟೆಲೊಂದರಲ್ಲಿ ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಕೌಂಟರಿಗೆ ಏರಿ, ಕೊನೆಗೆ ನವಿ ಮುಂಬಯಿಯ ಮಹಾಪೆಯಲ್ಲಿರುವ ಒಂದು ಜಪಾನಿ ಕಂಪೆನಿಯ ಕ್ಯಾಂಟೀನಿನ ಗುತ್ತಿಗೆ ಹಿಡಿದವನು. ಲಿಫ್ಟಿನ ಬಿಡಿಭಾಗ ಮಾಡುವ ಕಂಪೆನಿ ಅದು. ಮುಂಬಯಿಯ ಜನ ಲಿಫ್ಟಿನಲ್ಲಿ ಮೇಲೆ ಹೋಗುವುದು ತನ್ನ ಉಪ್ಪಿಟ್ಟಿನ ಬಲದಿಂದ ಎಂದು ಅವನ ನಂಬಿಕೆ.

ಅವನ ಅಡುಗೆಮನೆಯ ಕಿಟಕಿಯಿಂದ ಹಿಂದಿನ ಹುಲ್ಲುಹಾಸು ಕಾಣುತ್ತದೆ. ಅದರ ಮೂಲೆಯಲ್ಲಿ ಕಂಪೆನಿಯ ದೊಡ್ಡ ಸಾಹೇಬ ಮೊರಿತಾ ಅವರು ತಮ್ಮ ಊರಿನಿಂದ ತರಿಸಿ ನಿಲ್ಲಿಸಿದ ಪುಟ್ಟ ಮರದ ಗುಡಿ ಇದೆ. ಅದರ ಎದುರು ಕೆಂಪು ಕಂಬಗಳ ಕಮಾನು, ಗುಡಿಗೆ ಅಡ್ಡವಾಗಿ ಹುಲ್ಲಿನ ದಪ್ಪ ಹಗ್ಗ, ಹಗ್ಗದಿಂದ ಇಳಿಬಿಟ್ಟ ಬಿಳಿ ಕಾಗದ, ಪಕ್ಕದಲ್ಲಿ ಮಲಗಿರುವ ಕಲ್ಲಿನ ಎತ್ತು, ಪೊದೆಯಾಗಿ ಬೆಳೆದ ಒಂದು ದಾಸವಾಳ. ಗುಡಿಯ ಬಾಗಿಲು ಸದಾ ಮುಚ್ಚಿಯೇ ಇರುತ್ತದೆ. ಅದು ಜಪಾನಿನವರ ಶಿಂಟೋ ಧರ್ಮದ ಗುಡಿ, ಒಳಗಿರುವುದು ವಿದ್ಯೆಯ ದೇವರು, ಅಲ್ಲಿಯ ಮಕ್ಕಳು ಪರೀಕ್ಷೆಗೆ ಮೊದಲು ಅಲ್ಲಿಗೇ ಹೋಗಿ ಕೈಮುಗಿಯುವುದು ಎಂದು ಎಚ್.ಆರ್. ವಿಭಾಗದ ಶರ್ಮಿಳಾ ಮೇಡಂ ಒಮ್ಮೆ ಹೇಳಿದ್ದರು. ಕಂಪೆನಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ಒಳ್ಳೆಯದಾಗಲಿ ಎಂದು ಸಾಹೇಬರು ಅದನ್ನು ಇಲ್ಲಿ ಇಟ್ಟಿದ್ದರು.

ದಿನಾ ಬೆಳಿಗ್ಗೆ ಮೊರಿತಾ ಸಾಹೇಬರು ಗುಡಿಯ ಮುಂದೆ ನಿಂತು ಬಗ್ಗಿ ನಮಸ್ಕರಿಸುತ್ತಾರೆ, ಎರಡು ಸಲ ಚಪ್ಪಾಳೆ ತಟ್ಟುತ್ತಾರೆ, ಕಣ್ಣು ಮುಚ್ಚುತ್ತಾರೆ. ಹೋಟೆಲಿನಲ್ಲಿ ಬೆಳೆದವನಿಗೆ ಚಪ್ಪಾಳೆಯ ಅರ್ಥ ಒಂದೇ, ಗಿರಾಕಿ ಕರೆಯುತ್ತಿದ್ದಾನೆ ಎಂದು. ಮೊದಲ ದಿನ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಗುಣಪಾಲನ ಕಾಲುಗಳು ಅವನನ್ನು ಕೇಳದೆ ಓಡಿದವು. ಪ್ರಾರ್ಥನೆ ಮುಗಿದು ಸಾಹೇಬರಿಗೆ ಚಹಾ ಬೇಕಾಗಿದೆ ಎಂದು ಅವನು ತಿಳಿದ. ಒಳ್ಳೆಯ ಕಪ್ಪು ಹುಡುಕಿ, ಶುಂಠಿ ಹಾಕಿದ ಚಹಾ ತುಂಬಿಸಿ, ಗುಡಿಯ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಇಟ್ಟು, ತಲೆ ಬಗ್ಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಸಾಹೇಬರು ಕಣ್ಣು ತೆರೆದು ಚಹಾವನ್ನು ನೋಡಿದರು, ಇವನನ್ನು ನೋಡಿದರು, ಆಮೇಲೆ ಸೊಂಟದವರೆಗೆ ಬಗ್ಗಿದರು. ಚಹಾ ಕೊಟ್ಟದ್ದಕ್ಕೆ ಗುಣಪಾಲನಿಗೆ ಅಷ್ಟು ಬಗ್ಗಿದ ಗಿರಾಕಿ ಅದುವರೆಗೆ ಯಾರೂ ಇರಲಿಲ್ಲ.

ಮರುದಿನದಿಂದ ಅದೇ ಕ್ರಮವಾಯಿತು. ಎರಡು ಚಪ್ಪಾಳೆ, ಒಂದು ಚಹಾ. ಸ್ವಲ್ಪ ಹೊತ್ತಿನ ಮೇಲೆ ಕಪ್ಪು ತೊಳೆದು, ಒರೆಸಿ, ಕ್ಯಾಂಟೀನಿನ ಕಿಟಕಿಯಲ್ಲಿ ಇಟ್ಟಿರುತ್ತಿತ್ತು.

"ಒಂದು ಹನಿ ಬಿಡುವುದಿಲ್ಲ ಭಾವ," ಎಂದು ಅವನು ನನ್ನ ಬಳಿ ಹೇಳುತ್ತಿದ್ದ. "ಕುಡಿದ ಕಪ್ಪನ್ನು ತಾವೇ ತೊಳೆದು ಕೊಡ್ತಾರೆ. ನಿಮ್ಮ ಅಂಗಡಿಯಲ್ಲಿ ಉಂಟಾ ಅಂಥ ಗಿರಾಕಿ?"

ನಾನು ಠಾಣೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿರುವವನು. ನಮ್ಮ ಗಿರಾಕಿಗಳು ಐವತ್ತು ಸೀರೆ ಬಿಚ್ಚಿಸಿ ಮಡಚದೆ ಹೋಗುತ್ತಾರೆ. ಇಲ್ಲ ಎಂದು ಒಪ್ಪಿಕೊಂಡೆ.

ಇಷ್ಟಾದರೂ ಗುಣಪಾಲನಿಗೆ ನೆಮ್ಮದಿ ಇರಲಿಲ್ಲ. ಗುತ್ತಿಗೆಯ ಅವಧಿ ಮುಗಿಯುತ್ತಾ ಬಂದಿತ್ತು. ಶರ್ಮಿಳಾ ಮೇಡಂಗೆ ಅವನ ವಡೆಯಲ್ಲಿ ಎಣ್ಣೆ ಕಾಣುತ್ತಿತ್ತು, ಶೀರಾದಲ್ಲಿ ಸಕ್ಕರೆ ಕಾಣುತ್ತಿತ್ತು. ಮೊಳಕೆ ಕಾಳು, ಸಲಾಡ್ ಎಲ್ಲವನ್ನೂ ಚಂದದ ಡಬ್ಬಿಯಲ್ಲಿ ಹಾಕಿ ಕೊಡುವ ಹೊಸ ಕೇಟರರ್ ಒಬ್ಬ ಆಗಲೇ ಅವರನ್ನು ಎರಡು ಸಲ ಭೇಟಿಯಾಗಿದ್ದ. "ಗುಣಪಾಲ್ ಜೀ, ಇನ್ನೊಂದು ಕಂಪ್ಲೇಂಟ್ ಬಂದರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂಬ ಅರ್ಥದಲ್ಲಿ ಮೇಡಂ ಹೇಳಿಬಿಟ್ಟಿದ್ದರು. ಗುತ್ತಿಗೆ ತಪ್ಪಿದರೆ ಐವತ್ತಾರರ ಗುಣಪಾಲ ಮತ್ತೆ ಯಾರದೋ ಹೋಟೆಲಿನ ಕೌಂಟರಿನಲ್ಲಿ ನಿಲ್ಲಬೇಕು. ಇದನ್ನು ಅವನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನನ್ನ ಕಿವಿಗೆ ಹೇಳಿದ್ದ. ಲೋಲಾಕ್ಷಿಗೆ ಹೇಳಿರಲಿಲ್ಲ.

ಹೀಗಿರುವಾಗ ಡೊಂಬಿವಲಿಯ ಅವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಖಾರಘರದಿಂದ ಅವನ ಅಣ್ಣನ ಹೆಂಡತಿ ಸ್ವರ್ಣಲತಾ ಮಗ ಪೃಥ್ವಿರಾಜನನ್ನು ಕರೆದುಕೊಂಡು ಬಂದಿದ್ದರು. ಅವರ ಮನೆ ಬಹಳ ಎತ್ತರದ ಮಹಡಿಯಲ್ಲಿದೆ. ಡೊಂಬಿವಲಿಗೆ ಬಂದು ಚಾಪೆಯ ಮೇಲೆ ಕುಳಿತರೂ ಅವರಿಗೆ ನಾವು ಮೇಲಿನಿಂದಲೇ ಕಾಣುವುದು. ಹುಡುಗ ಒಳ್ಳೆಯವನು, ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಕ್ಲಾಸಿಗೆ ಹೋಗುತ್ತಿದ್ದ. ಅವನ ಬಾಯಿಯ ಕೆಲಸವನ್ನೂ ತಾಯಿಯೇ ಮಾಡುತ್ತಿದ್ದುದರಿಂದ ಅವನಿಗೆ ಮಾತಾಡುವ ಅಗತ್ಯ ಬೀಳುತ್ತಿರಲಿಲ್ಲ.

ಊಟದ ನಡುವೆ ಸ್ವರ್ಣಲತಾ ಪಾಯಸ ಬಡಿಸುತ್ತಿದ್ದ ಗುಣಪಾಲನ ಮಗಳು ಶ್ರದ್ಧಾಳನ್ನು ನಿಲ್ಲಿಸಿದರು.

"ಮಗಾ, ನಿನ್ನ ಕೇಟಿ ಕ್ಲಿಯರ್ ಆಯ್ತಾ?"

ಮುಂಬಯಿಯ ಕಾಲೇಜುಗಳಲ್ಲಿ ಒಂದು ವಿಷಯದಲ್ಲಿ ಫೇಲಾದರೆ ಫೇಲು ಎನ್ನುವುದಿಲ್ಲ, ಕೇಟಿ ಎನ್ನುತ್ತಾರೆ. ಕೇಳಲು ಹಗುರ, ಅಷ್ಟೇ. ಇಂಜಿನಿಯರಿಂಗಿನ ಎಲ್ಲ ವಿಷಯ ದಾಟಿದ ಶ್ರದ್ಧಾಳಿಗೆ ಗಣಿತದ ಒಂದು ಪೇಪರು ಅಂಟಿಕೊಂಡು ಕುಳಿತಿತ್ತು.

"ಅಭೀ ನಹೀ, ದೊಡ್ಡಮ್ಮ," ಎಂದು ಅವಳು ಪಾಯಸದ ಪಾತ್ರೆಯೊಂದಿಗೆ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅರ್ಧ ಸಾಲಿಗೆ ಪಾಯಸವೇ ಸಿಗಲಿಲ್ಲ.

"ನಮ್ಮ ಪೃಥ್ವಿಗೋಸ್ಕರ ನಾವು ಹೋಗದ ದೇವಸ್ಥಾನ ಇಲ್ಲ," ಎಂದು ಸ್ವರ್ಣಲತಾ ಮುಂದುವರಿಸಿದರು. "ಮಕ್ಕಳ ವಿದ್ಯೆಯ ವಿಷಯದಲ್ಲಿ ಉದಾಸೀನ ಮಾಡಬಾರದು ಗುಣಪಾಲ. ನೀನು ಯಾವ ದೇವರಿಗೆ ಹೇಳಿಕೊಂಡಿದ್ದೀ?"

ಗುಣಪಾಲ ಅಡುಗೆಮನೆಯ ಬಾಗಿಲ ಕಡೆಗೆ ಒಮ್ಮೆ ನೋಡಿದ. ಆಮೇಲೆ ಬಾಯಿ ತೆರೆದ. ಅವನು ಅನ್ನದ ತುತ್ತು ಇಡಲು ಬಾಯಿ ತೆರೆದದ್ದು ಎಂದು ನಾನು ತಿಳಿದಿದ್ದೆ.

"ನಮಗೆ ಹೊರಗೆ ಹೋಗುವ ಅಗತ್ಯವೇ ಇಲ್ಲ ಅತ್ತಿಗೆ. ಜಪಾನಿನ ಸರಸ್ವತಿ ನಮ್ಮ ಕಂಪೆನಿಯಲ್ಲೇ ಉಂಟು. ಬೆಳಗ್ಗಿನ ಸೇವೆ ನನ್ನ ಕೈಯಿಂದಲೇ ಆಗುವುದು. ನಾನು ಹೋಗದೆ ಸಾಹೇಬರು ಅಲ್ಲಿಂದ ಕದಲುವುದಿಲ್ಲ."

ಎಲ್ಲರ ಕೈ ಎಲೆಯ ಮೇಲೆ ನಿಂತಿತು. ಪೂಜೆ ಮಾಡಿಸಿದ ಭಟ್ಟರು ತೊಟ್ಟಿಲಲ್ಲಿ ಮಗು ಮಾತಾಡಿದಂತೆ ತಿರುಗಿ ನೋಡಿದರು.

"ಸೇವೆ ನಿಮ್ಮದಾ? ಒಳ್ಳೆಯದಾಯಿತು. ನೈವೇದ್ಯಕ್ಕೆ ಎಂತ ಮಾಡ್ತೀರಿ?"

ಗುಣಪಾಲ ಅಷ್ಟು ದೂರ ಯೋಚನೆ ಮಾಡಿರಲಿಲ್ಲ. ಆ ಗುಡಿಯ ಬಳಿ ಅವನು ಒಯ್ದ ಪದಾರ್ಥ ಜಗತ್ತಿನಲ್ಲಿ ಒಂದೇ.

"ಚಹಾ," ಎಂದ.

"ಚಹಾವಾ?"

"ಜಪಾನಿನಲ್ಲಿ ಹಾಗೇ."

ಭಟ್ಟರು ಕೈಯ ತುತ್ತನ್ನು ಎಲೆಗೆ ಇಳಿಸಿ, "ಸಕ್ಕರೆ ಹಾಕಿಯಾ?" ಎಂದು ಕೇಳಿದರು. ಹಾಕಿ ಎಂದು ತಿಳಿದ ಮೇಲೆ ಅವರಿಗೆ ಸಮಾಧಾನವಾದ ಹಾಗೆ ಕಂಡಿತು.

ಇನ್ನು ಸ್ವರ್ಣಲತಾ ಬಿಡುವುದುಂಟೇ. ಕೈತೊಳೆಯುವ ಮೊದಲೇ ದಿನ ನಿಶ್ಚಯವಾಯಿತು. ಬರುವ ಶನಿವಾರ ಪೃಥ್ವಿಯನ್ನು ಕರೆದುಕೊಂಡು ಅವರು ಮಹಾಪೆಗೆ ಬರುವುದು, ಸರಸ್ವತಿಗೆ ಒಂದು ಸೀರೆ ಉಡಿಸುವುದು, ಗುಣಪಾಲ ಮಂಗಳಾರತಿ ಮಾಡುವುದು. "ಸೀರೆ ನಿಮ್ಮ ಅಂಗಡಿಯಿಂದಲೇ ತನ್ನಿ. ಹಸಿರಂಚು ಇರಲಿ," ಎಂದು ನನಗೂ ಒಂದು ಕೆಲಸ ಅಂಟಿಸಿದರು.

ಸೋಮವಾರ ರೈಲಿನಲ್ಲಿ ಗುಣಪಾಲನ ಮುಖ ನೋಡಲಾಗುತ್ತಿರಲಿಲ್ಲ.

"ಗುಡಿ ರಿಪೇರಿಯಲ್ಲಿ ಉಂಟು ಅಂತ ಹೇಳಿಬಿಡು ಮಾರಾಯ," ಎಂದೆ.

"ರಿಪೇರಿ ಎಷ್ಟು ದಿನ ಅಂತ ಕೇಳ್ತಾರೆ. ಆಮೇಲೆ ಮುಗಿಯಿತಾ ಅಂತ ಕೇಳ್ತಾರೆ. ಅತ್ತಿಗೆ ಎಂಥವರು ಅಂತ ನಿನಗೆ ಗೊತ್ತಿಲ್ಲ ಭಾವ." ದೀವಾ ಸ್ಟೇಶನಿನಲ್ಲಿ ಹತ್ತಿದ ಗುಂಪಿಗೆ ಜಾಗ ಬಿಟ್ಟು ಅವನು ನನ್ನ ಕಡೆಗೆ ವಾಲಿದ. ಆಮೇಲೆ ಹೇಳಿದ, "ಶನಿವಾರ ಮಧ್ಯಾಹ್ನ ಸಾಹೇಬರಿಗೆ ಮೀಟಿಂಗ್ ಉಂಟು. ಹತ್ತು ನಿಮಿಷ. ಸೀರೆ, ಆರತಿ, ಪ್ರಸಾದ, ಮನೆ. ಯಾರಿಗೂ ಗೊತ್ತಾಗುವುದಿಲ್ಲ."

ಶನಿವಾರ ನಾವು ಠಾಣೆಯಲ್ಲಿ ರೈಲು ಬದಲಿಸಿ, ಘಣ್ಸೋಲಿಯಲ್ಲಿ ಇಳಿದು, ಎರಡು ರಿಕ್ಷಾ ಮಾಡಿ ಮಹಾಪೆಗೆ ಹೋದೆವು. ನಾನು, ಲೋಲಾಕ್ಷಿ, ಕೈಹಿಡಿದು ಎಳೆದು ತಂದ ಶ್ರದ್ಧಾ. ಸ್ವರ್ಣಲತಾ ಮತ್ತು ಪೃಥ್ವಿರಾಜ ಆಗಲೇ ಗೇಟಿನಲ್ಲಿ ನಿಂತಿದ್ದರು. ಗುಣಪಾಲ ಬಿಳಿ ಏಪ್ರನ್ ಕಟ್ಟಿಕೊಂಡು ಬಂದು, ಹೊಸ ಮೆನುವಿನ ರುಚಿ ನೋಡಲು ಬಂದವರು ಇವರು ಎಂದು ಗಾರ್ಡಿಗೆ ಹಿಂದಿಯಲ್ಲಿ ಹೇಳಿದ.

ಗಾರ್ಡು ನಮ್ಮ ಚೀಲ ಬಿಚ್ಚಿ ತೆಂಗಿನಕಾಯಿ, ಸೀರೆ, ಹೂವು ಒಂದೊಂದಾಗಿ ಎತ್ತಿ ತೋರಿಸಿದ. "ಯೇ ನಾರಿಯಲ್?"

"ಚಟ್ನಿಗೆ."

"ಯೇ ಸಾಡೀ?"

"ಟೇಬಲ್ ಮೇಲೆ ಹಾಸಲಿಕ್ಕೆ."

"ಔರ್ ಯೇ ಫೂಲ್?"

"ಸಲಾಡ್," ಎಂದ. ಮೇಡಂ ಸಲಾಡಿಗಾಗಿ ಹಟ ಹಿಡಿದದ್ದು ಗಾರ್ಡಿಗೂ ಗೊತ್ತಿತ್ತು. ಅವನು ಮರುಮಾತಿಲ್ಲದೆ ಬಿಟ್ಟ.

"ಪಪ್ಪಾ, ಪ್ಲೀಸ್, ಘರ್ ಚಲತೇ ಹೈ," ಎಂದು ಶ್ರದ್ಧಾ ಮನೆಗೆ ಮರಳಲು ಎರಡು ಸಲ ಬೇಡಿಕೊಂಡಳು. ಯಾರು ಕೇಳುತ್ತಾರೆ.

ಗುಡಿ ನೋಡಿ ಸ್ವರ್ಣಲತಾ ಭಕ್ತಿಯಿಂದ ಕರಗಿಹೋದರು. ಬಾಗಿಲು ಮುಚ್ಚಿದ್ದರಿಂದ ದೇವಿಗೆ ಸೀರೆ ಉಡಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಸೀರೆಯ ವಿಷಯದಲ್ಲಿ ಅಲ್ಲಿ ಅನುಭವಸ್ಥ ನಾನೊಬ್ಬನೇ. ಗುಡಿಗೇ ಸುತ್ತೋಣ ಎಂದೆ. ಗುಡಿ ನಮ್ಮ ಮನೆಯ ಕಪಾಟಿಗಿಂತ ದೊಡ್ಡದೇನೂ ಅಲ್ಲ. ನಾನು ಒಂದು ತುದಿ ಹಿಡಿದು ನಿಂತೆ, ಪೃಥ್ವಿರಾಜ ಇನ್ನೊಂದು ತುದಿ ಹಿಡಿದು ಸುತ್ತ ಓಡಿದ. ನೆರಿಗೆ ಚೆನ್ನಾಗಿ ಕೂತಿತು. ಸೆರಗನ್ನು ಮುಂದೆ ತಂದು ಹುಲ್ಲಿನ ಹಗ್ಗಕ್ಕೆ ಸಿಕ್ಕಿಸಿದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅಷ್ಟು ಅಲುಗಾಡದೆ ನಿಂತವರಿಗೆ ನಾನು ಸೀರೆ ಉಡಿಸಿರಲಿಲ್ಲ.

"ಇದು ನಂದಿ. ಹಿಂದಿನಿಂದ ಮುಟ್ಟಿ, ಕೋಡಿನ ನಡುವಿನಿಂದ ನೋಡು," ಎಂದು ಸ್ವರ್ಣಲತಾ ಮಗನನ್ನು ಎತ್ತಿನ ಹಿಂದೆ ಕೂರಿಸಿದರು. ಹುಡುಗ ಎತ್ತಿನ ಹಿಂಭಾಗವನ್ನು ಭಕ್ತಿಯಿಂದ ಸವರಿ ಸವರಿ ಕಣ್ಣಿಗೆ ಒತ್ತಿಕೊಂಡ.

ಲೋಲಾಕ್ಷಿ ಮಾತ್ರ ಗುಡಿಯನ್ನು ನೋಡುತ್ತಾ ಹುಬ್ಬು ಗಂಟಿಕ್ಕಿದ್ದಳು. "ಅಣ್ಣ, ಇದು ಸರಸ್ವತಿಯ ಗುಡಿಯ ಹಾಗೆ ಕಾಣುವುದಿಲ್ಲ. ನಮ್ಮ ಊರಿನ ದೈವದ ಗುಡಿ ಹೀಗೇ ಅಲ್ವಾ ಇರುವುದು?" ಎಂದಳು. ನಾನು ನೆರಿಗೆ ಸರಿಮಾಡುತ್ತಿದ್ದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಣಪಾಲ ಕ್ಯಾಂಟೀನಿನ ಸ್ಟೀಲ್ ತಟ್ಟೆಯಲ್ಲಿ ಕರ್ಪೂರ ಇಟ್ಟು ಹಚ್ಚಿದ. ಬೇಗ ಮುಗಿಯಲಿ ಎಂದೋ ಏನೋ, ಪೊಟ್ಟಣವಿಡೀ ಸುರಿದಿದ್ದ. ಜ್ವಾಲೆ ಅವನ ಮೂಗಿನವರೆಗೆ ಎದ್ದಿತು. ಆ ಹುಲ್ಲುಹಾಸಿನ ಪಕ್ಕದಲ್ಲೇ ಅವನ ಗ್ಯಾಸ್ ಸಿಲಿಂಡರುಗಳ ಕೋಣೆ ಇದೆ. ಅದನ್ನು ಕಾಯಲು ಒಂದು ಕೆಮರಾ ಇದೆ. ಕೆಮರಾದ ಇನ್ನೊಂದು ತುದಿಯಲ್ಲಿ ಊಟ ಮುಗಿಸಿ ತೂಕಡಿಸುತ್ತಿದ್ದ ಗಾರ್ಡು ಬೆಂಕಿ ಕಂಡು ಎದ್ದುಬಿದ್ದು ಸೈರನ್ ಒತ್ತಿದ.

ಇಂಥ ಸೈರನ್ ಕೂಗಿದರೆ ಕಂಪೆನಿಯ ಜನರೆಲ್ಲ ಕೆಲಸ ಬಿಟ್ಟು ಹೊರಗಿನ ಒಂದು ಗೊತ್ತಾದ ಜಾಗದಲ್ಲಿ ಸೇರಬೇಕು ಎಂಬುದು ನಿಯಮ. ಆ ಜಾಗ ಇದೇ ಹುಲ್ಲುಹಾಸು. ಹಸಿರು ಬೋರ್ಡು ನಮ್ಮ ತಲೆಯ ಮೇಲೇ ಇತ್ತು, ಯಾರೂ ಓದಿರಲಿಲ್ಲ. ಬೆಂಕಿ ಎಲ್ಲಿದೆಯೋ ಅಲ್ಲಿಗೇ ಇಡೀ ಕಾರ್ಖಾನೆ ಓಡಿ ಬಂತು. ಮಷಿನಿನವರು, ಪ್ಯಾಕಿಂಗಿನವರು, ಆಫೀಸಿನವರು ಹೆಲ್ಮೆಟ್ ಹಾಕಿಕೊಂಡು ಸಾಲು ಸಾಲಾಗಿ ನಿಂತರು. ಎದುರಿಗೆ ಸೀರೆ ಉಟ್ಟ ಗುಡಿ, ಅದರ ಮುಂದೆ ಉರಿಯುವ ಆರತಿ ಹಿಡಿದು ಗರಬಡಿದು ನಿಂತ ಗುಣಪಾಲ.

ನಮ್ಮ ಕಡೆಯ ಜನರಿಗೆ ಆರತಿ ಕಂಡರೆ ವಿಚಾರಣೆ ಬೇಕಾಗಿಲ್ಲ. ಮುಂದಿನ ಸಾಲಿನವರು ಹೆಲ್ಮೆಟ್ ತೆಗೆದರು. ಯಾರೋ ಒಬ್ಬ ಮರಾಠಿಯಲ್ಲಿ ಗಣಪತಿಯ ಆರತಿ ಎತ್ತಿದ. ಹಿಂದಿನವರು ದನಿಗೂಡಿಸಿದರು. ಆಮೇಲೆ ಚಪ್ಪಾಳೆ ಶುರುವಾಯಿತು, ಇಡೀ ಕಾರ್ಖಾನೆಯ ಚಪ್ಪಾಳೆ. ಗುಣಪಾಲನ ಕಾಲುಗಳು ಅಭ್ಯಾಸಬಲದಿಂದ ಕ್ಯಾಂಟೀನಿನ ಕಡೆಗೆ ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಅಷ್ಟು ಜನರಿಗೆ ಚಹಾ ಎಲ್ಲಿಂದ ತರುವುದು ಎಂದು ಹೆದರಿದನೋ ಏನೋ, ಅಲ್ಲೇ ನಿಂತ.

ಸಾಲನ್ನು ಸೀಳಿಕೊಂಡು ಮೊರಿತಾ ಸಾಹೇಬರು ಬಂದರು. ಹಿಂದೆ ಶರ್ಮಿಳಾ ಮೇಡಂ. ಆ ಹೊತ್ತಿಗೆ ಒಬ್ಬ ಗಾರ್ಡು ಆರತಿಯ ಮೇಲೆ ಮರಳು ಸುರಿದ. ಹಾಡು ನಿಂತಿತು.

"ಗುಣಪಾಲ್ ಜೀ, ಯೇ ಸಬ್ ಕ್ಯಾ ಹೈ?" ಎಂದರು ಮೇಡಂ. ದನಿ ಎತ್ತರಿಸಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ಗುಣಪಾಲನ ಪರವಾಗಿ ಸ್ವರ್ಣಲತಾ ಹಿಂದಿಯಲ್ಲಿ ಉತ್ತರ ಕೊಟ್ಟರು. ಸರಸ್ವತಿಯ ಪೂಜೆ ನಡೆಯುತ್ತಿದೆ, ಇಲ್ಲಿಯ ದಿನದ ಸೇವೆಯೆಲ್ಲ ಇವರದ್ದೇ ಅಲ್ಲವೇ, ನಿಮಗೆ ಗೊತ್ತಿಲ್ಲವೇ ಎಂದು ಮೇಡಂ ಅವರನ್ನೇ ಕೇಳಿದರು.

"ಸೇವಾ? ಇವರು ಕ್ಯಾಂಟೀನ್ ವಾಲಾ," ಎಂದರು ಶರ್ಮಿಳಾ ಮೇಡಂ. "ಇಲ್ಲಿ ಪೂಜೆಗೆ ಯಾರನ್ನೂ ಇಟ್ಟಿಲ್ಲ."

ಸ್ವರ್ಣಲತಾ ಗುಣಪಾಲನನ್ನು ನೋಡಿದರು. ಲೋಲಾಕ್ಷಿ ನೋಡಿದಳು. ಶ್ರದ್ಧಾ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಪಾಪ ಗುಣಪಾಲ, ಸತ್ತ ಆರತಿಯ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಿದ್ದ.

ಕೆಲಸದವರನ್ನೆಲ್ಲ ಒಳಗೆ ಕಳಿಸಿದ ಮೇಲೆ ಮೊರಿತಾ ಸಾಹೇಬರು ಸೀರೆಯನ್ನು ತೋರಿಸಿ ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಕೇಳಿದರು. ಇಂಗ್ಲಿಷು ಬಂದರೂ ಪೃಥ್ವಿರಾಜ ಬಾಯಿ ತೆರೆಯುವವನಲ್ಲ, ನಮ್ಮಲ್ಲಿ ಉಳಿದವಳು ಶ್ರದ್ಧಾ ಒಬ್ಬಳೇ. ಬೇಕೋ ಬೇಡವೋ ಅವಳೇ ನಡುವೆ ನಿಲ್ಲಬೇಕಾಯಿತು.

"ದೇವರಿಗೆ ಸೀರೆ ಏಕೆ ಅಂತ ಕೇಳ್ತಿದ್ದಾರೆ," ಎಂದಳು. ಆಮೇಲೆ ಸಾಹೇಬರ ಮಾತು ಕೇಳಿ ಅವಳ ಮುಖದ ಬಣ್ಣ ಬದಲಾಯಿತು. "ಇದು ದೇವಿ ಅಲ್ಲವಂತೆ. ತೆಂಜಿನ್ ಅಂತೆ. ಗಂಡಸು."

"ಗಂಡಸಾ?" ಎಂದು ಸ್ವರ್ಣಲತಾ ಸೀರೆಯ ಸೆರಗಿಗೆ ಕೈಹಾಕಿದರು. ಸೀರೆ ಬಿಚ್ಚಬೇಕಾದರೆ ಗುಡಿಯನ್ನು ಅಪ್ರದಕ್ಷಿಣೆ ಸುತ್ತಬೇಕು. ಸಾಹೇಬರು ದೇವರ ಕಥೆ ಹೇಳಿ, ಶ್ರದ್ಧಾ ಅದನ್ನು ಹಿಂದಿಯಲ್ಲಿ ತಿಳಿಸಿ ಮುಗಿಸುವವರೆಗೂ ಅವರು ಸುತ್ತುತ್ತಲೇ ಇದ್ದರು.

ಕಥೆ ಇಷ್ಟು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿಯ ರಾಜನ ಬಳಿ ದೊಡ್ಡ ವಿದ್ವಾಂಸರೊಬ್ಬರು ಮಂತ್ರಿಯಾಗಿದ್ದರು. ಆಗದವರು ಚಾಡಿ ಹೇಳಿದರು. ರಾಜ ವಿಚಾರಿಸದೆ ಅವರನ್ನು ಕೆಲಸದಿಂದ ತೆಗೆದು ದೂರದ ಊರಿಗೆ ಅಟ್ಟಿದ. ಅವರು ಅಲ್ಲೇ ಕೊರಗಿ ಸತ್ತರು. ಆಮೇಲೆ ಅರಮನೆಗೆ ಸಿಡಿಲು ಬಡಿಯಿತು, ಚಾಡಿ ಹೇಳಿದವರು ಒಬ್ಬೊಬ್ಬರಾಗಿ ಹೋದರು. ಹೆದರಿದ ಜನ ಗುಡಿ ಕಟ್ಟಿ ಕೈಮುಗಿದರು. ಹಾಗೆ ಅವರು ವಿದ್ಯೆಯ ದೇವರಾದರು.

ಲೋಲಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾನು ಆಗಲೇ ಹೇಳಲಿಲ್ವಾ ಅಣ್ಣ? ಇದು ದೈವವೇ. ನಮ್ಮ ಊರಿನಲ್ಲಿ ಅನ್ಯಾಯದಿಂದ ಸತ್ತವರು ದೈವ ಆಗುವುದು ಹೀಗೇ." ಮತ್ತೆ ಗಂಡನ ಕಡೆಗೆ ತಿರುಗಿದಳು. "ಇವರೇ, ದೈವದ ಹೆಸರಿನಲ್ಲಿ ಸುಳ್ಳು ಹೇಳಿಯಾಯ್ತು. ತಪ್ಪು ಕಾಣಿಕೆ ಹಾಕಿ. ಎಲ್ಲರಿಗೂ ಕೇಳುವ ಹಾಗೆ ಹೇಳಿ ಹಾಕಿ."

ದೈವದ ಮುಂದೆ ತಪ್ಪನ್ನು ಬಾಯಿಬಿಟ್ಟು ಹೇಳಿ ಏನಾದರೂ ಒಪ್ಪಿಸಿ ಕ್ಷಮೆ ಕೇಳುವುದಕ್ಕೆ ನಮ್ಮಲ್ಲಿ ತಪ್ಪು ಕಾಣಿಕೆ ಎನ್ನುತ್ತಾರೆ. ಗುಣಪಾಲ ಏಪ್ರನಿನ ಜೇಬಿಗೆ ಕೈಹಾಕಿದ. ಅಲ್ಲಿದ್ದದ್ದು ಕ್ಯಾಂಟೀನಿನ ಕೀಲಿ ಗೊಂಚಲು ಮಾತ್ರ. ಅದನ್ನೇ ತೆಗೆದು ಗುಡಿಯ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಇಟ್ಟ.

"ಸ್ವಾಮಿ, ನಾನು ಇಲ್ಲಿಯ ಸೇವೆ ಮಾಡುವವನಲ್ಲ," ಎಂದ. "ನೀವು ಗಂಡೋ ಹೆಣ್ಣೋ ಎಂಬುದೂ ನನಗೆ ಗೊತ್ತಿರಲಿಲ್ಲ. ಅತ್ತಿಗೆ ನಾಲ್ಕು ಜನರ ಮುಂದೆ ನನ್ನ ಮಗಳ ಕೇಟಿಯ ವಿಷಯ ತೆಗೆದ್ರು. ಮಗು ಪಾಯಸದ ಪಾತ್ರೆ ಹಿಡ್ಕೊಂಡು ಒಳಗೆ ಹೋಯ್ತು. ನನಗೆ ತಡೆಯಲಿಕ್ಕೆ ಆಗಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಕ್ಯಾಂಟೀನ್ ಹೋದ್ರೆ ಹೋಗಲಿ, ಕೀಲಿ ಇಲ್ಲಿ ಉಂಟು. ನನ್ನ ಮಗಳು ದಡ್ಡಿ ಅಲ್ಲ, ಅಷ್ಟು ನೆನಪಿಟ್ಟುಕೊಳ್ಳಿ."

ಕ್ಯಾಂಟೀನ್ ಕೈತಪ್ಪಬಹುದು ಎಂಬ ವಿಷಯ ಲೋಲಾಕ್ಷಿ ಕೇಳಿದ್ದು ಅದೇ ಮೊದಲು. ಅವಳು ಗಂಡನ ಪಕ್ಕಕ್ಕೆ ಹೋಗಿ ನಿಂತಳು.

ಸಾಹೇಬರು ಶ್ರದ್ಧಾಳ ಕಡೆಗೆ ನೋಡಿದರು. ಅವಳು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದಳು. ಕೊನೆಯ ಮಾತಿಗೆ ಬಂದಾಗ ತಂದೆಯ ಕಡೆಗೆ ತಿರುಗಿದಳು.

"ಪಪ್ಪಾ, ಯೇ ವಾಲಾ ಆಪ್ ಬೋಲೋ," ಎಂದಳು, ಈ ಮಾತು ನೀವೇ ಹೇಳಿ ಎಂದು.

ಗುಣಪಾಲ ಮೊರಿತಾ ಸಾಹೇಬರ ಮುಂದೆ ನೆಟ್ಟಗೆ ನಿಂತು ತನ್ನ ಕ್ಯಾಂಟೀನಿನ ಇಂಗ್ಲಿಷಿನಲ್ಲಿ ಹೇಳಿದ. "ಸರ್. ಮೈ ಡಾಟರ್ ಗುಡ್ ಬ್ರೈನ್. ಓನ್ಲಿ ಮ್ಯಾಥ್ಸ್ ಬ್ಯಾಡ್."

ಸಾಹೇಬರು ಕಲ್ಲಿನ ಮೇಲಿದ್ದ ಕೀಲಿಯನ್ನೂ ಗುಣಪಾಲನನ್ನೂ ನೋಡಿದರು. ಆಮೇಲೆ ಮಾತಾಡಿದಾಗ ಶ್ರದ್ಧಾ ಅರ್ಥವಾಗದವಳ ಹಾಗೆ ಮತ್ತೊಮ್ಮೆ ಕೇಳಿಸಿಕೊಂಡಳು. ತಂದೆಯ ಕಡೆಗೆ ತಿರುಗಿ ಕನ್ನಡದಲ್ಲೇ ಹೇಳಿದಳು. ಆ ಹುಡುಗಿ ಅಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಪಪ್ಪಾ, ನೀವು ಸುಳ್ಳು ಹೇಳಲಿಲ್ಲ ಅಂತೆ. ಅವರು ಚಪ್ಪಾಳೆ ತಟ್ಟುವುದು ದೇವರನ್ನು ಕರೆಯಲಿಕ್ಕೆ ಅಂತೆ. ದೇವರನ್ನು ಕರೆದ ಕೂಡಲೇ ನೀವು ದಿನಾ ಚಹಾ ತಂದು ಆ ಕಲ್ಲಿನ ಮೇಲೆ ಇಟ್ಟು, ತಲೆ ಬಗ್ಗಿಸಿ ಹಿಂದೆ ಹೋಗ್ತೀರಿ. ಯಾರೂ ಹೇಳದೆ ತೆಂಜಿನ್‌ಗೆ ಇಷ್ಟು ಭಕ್ತಿಯಿಂದ ಸೇವೆ ಮಾಡುವವರು ಇವರೊಬ್ಬರೇ ಅಂತ ಅವರು ತಮ್ಮ ಹೆಂಡತಿಗೂ ಹೇಳಿದ್ದಾರಂತೆ. ಆ ಚಹಾ ದೇವರಿಗೆ ಇಟ್ಟು, ಆಮೇಲೆ ಗಿಡದ ಬುಡಕ್ಕೆ ಹಾಕಿ, ಕಪ್ಪು ತೊಳೆದು ಕೊಡುವುದಂತೆ."

ನಾವೆಲ್ಲ ಗುಣಪಾಲನನ್ನು ನೋಡಿದೆವು. ಅವನ ಮುಖದಲ್ಲಿ ಸಂತೋಷ ಕಾಣಬೇಕಿತ್ತು.

"ಗಿಡದ ಬುಡಕ್ಕಾ?" ಎಂದ. "ಹಾಗಾದ್ರೆ ಒಂದು ದಿನವೂ ಕುಡಿಯಲಿಲ್ವಾ?"

ಸಾಹೇಬರಿಗೆ ಹಾಲು ಹಾಕಿದ ಚಹಾ ಆಗುವುದಿಲ್ಲ ಎಂದು ತಿಳಿಯಿತು. ಗುಡಿಯ ಪಕ್ಕದ ದಾಸವಾಳ ಏಕೆ ಅಷ್ಟು ಪೊಗದಸ್ತಾಗಿ ಬೆಳೆದಿತ್ತು ಎಂಬುದೂ ತಿಳಿಯಿತು. ಗುಣಪಾಲನಿಗೆ ಆ ಸಂಕಟದಲ್ಲಿ ಗುತ್ತಿಗೆಯ ವಿಷಯವೇ ಮರೆತುಹೋದಂತಿತ್ತು.

ಶರ್ಮಿಳಾ ಮೇಡಂ ಮರೆತಿರಲಿಲ್ಲ. ಭಕ್ತಿ ಬೇರೆ, ಸೇಫ್ಟಿ ಬೇರೆ, ಸಿಲಿಂಡರಿನ ಹತ್ತಿರ ಬೆಂಕಿ ಹಚ್ಚಿದವರನ್ನು ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ಸಾಹೇಬರ ಬಳಿ ಕೇಳಿದರು. ನ್ಯಾಯವಾದ ಮಾತು.

ಲೋಲಾಕ್ಷಿ ತನ್ನ ಮುರುಕು ಹಿಂದಿಯನ್ನು ಒಟ್ಟುಮಾಡಿಕೊಂಡಳು. "ಮೇಡಂ, ಬೇಜಾರ್ ಮತ್ ಕರೋ. ಈ ದೇವರನ್ನು ಕೆಲಸದಿಂದ ತೆಗೆದ ಮೇಲೆ ಅರಮನೆಗೆ ಎಂತ ಆಯಿತು ಅಂತ ಸಾಹೇಬರು ಈಗ ಹೇಳಿದ್ರಲ್ಲ. ಅವರ ಎದುರಿಗೇ ಇನ್ನೊಬ್ಬರನ್ನು ತೆಗೆಯುವುದು ಬೇಡ ಅಂತ ನನಗೆ ಕಾಣ್ತದೆ. ಬೇಕಾದ್ರೆ ಆ ಕಡೆ ಹೋಗಿ ಮಾತಾಡುವ."

ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಆದರೂ ಮೇಡಂ ಒಮ್ಮೆ ಮೇಲೆ ನೋಡಿದರು.

ಶ್ರದ್ಧಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಾಗ ಮೊರಿತಾ ಸಾಹೇಬರು ಹೆಲ್ಮೆಟ್ ತೆಗೆದು ನಕ್ಕರು. ಕಲ್ಲಿನ ಮೇಲಿದ್ದ ಕೀಲಿ ಗೊಂಚಲನ್ನು ಎರಡೂ ಕೈಯಿಂದ ಎತ್ತಿ, ಬಗ್ಗಿ, ಗುಣಪಾಲನಿಗೆ ಕೊಟ್ಟರು. ಇವನೂ ಬಗ್ಗಿದ. ಅವರು ಇನ್ನಷ್ಟು ಬಗ್ಗಿದರು. ಯಾರೂ ನಿಲ್ಲಿಸದಿದ್ದರೆ ಇಬ್ಬರೂ ಹುಲ್ಲಿಗೆ ಮುಟ್ಟುತ್ತಿದ್ದರು. ಕರ್ಪೂರ ಇಲ್ಲ, ಸೀರೆ ಇಲ್ಲ, ಎಣ್ಣೆ ಕಡಿಮೆ, ವಾರಕ್ಕೆರಡು ದಿನ ಸಲಾಡ್, ದಿನಾ ಬೆಳಿಗ್ಗೆ ಗುಡಿಯ ಅಂಗಳ ಗುಡಿಸುವುದು ಗುಣಪಾಲನೇ. ಈ ಷರತ್ತಿನ ಮೇಲೆ ಗುತ್ತಿಗೆ ಉಳಿಯಿತು.

ಹೊರಡುವಾಗ ಸ್ವರ್ಣಲತಾ ಸೀರೆಯನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು, ಎತ್ತನ್ನು ಮುಟ್ಟುವ ಕ್ರಮ ಹೇಗೆ ಎಂದು ಶ್ರದ್ಧಾಳಿಂದ ಕೇಳಿಸಿದರು. ತಲೆ ಸವರಿ ತಮ್ಮ ತಲೆ ಮುಟ್ಟಿಕೊಂಡರೆ ಬುದ್ಧಿ ಬರುತ್ತದೆ, ಯಾವ ಭಾಗ ಮುಟ್ಟುತ್ತೇವೋ ನಮ್ಮ ಆ ಭಾಗಕ್ಕೆ ಒಳ್ಳೆಯದು ಎಂದರು ಸಾಹೇಬರು. ಸ್ವರ್ಣಲತಾರ ಮುಖ ಬಿಳಿಚಿತು. ಹುಡುಗ ಎಲ್ಲಿ ಸವರಿದ್ದ ಎಂಬುದನ್ನು ಶ್ರದ್ಧಾ ಸ್ವಲ್ಪ ಹೆಚ್ಚೇ ಉತ್ಸಾಹದಿಂದ ಇಂಗ್ಲಿಷಿಗೆ ತಂದಳು. ಸಾಹೇಬರು ಗಂಭೀರವಾಗಿ ಯೋಚಿಸಿದರು.

"ಚಿಂತೆ ಬೇಡ ಅಂತೆ ದೊಡ್ಡಮ್ಮ," ಎಂದಳು ಶ್ರದ್ಧಾ. "ಬಹಳ ಹೊತ್ತು ಕೂತು ಓದಲಿಕ್ಕೆ ಅದೂ ಬೇಕಂತೆ."

ಈಗ ಗುಣಪಾಲ ಮೊದಲಿಗಿಂತ ಬೇಗನೆ ರೈಲು ಹಿಡಿಯುತ್ತಾನೆ. ಅಂಗಳ ಗುಡಿಸಿ ಎರಡು ಕಪ್ಪು ಇಡುತ್ತಾನೆ. ದೇವರದ್ದು ಶುಂಠಿ ಹಾಕಿದ ಹಾಲಿನ ಚಹಾ, ಸಾಹೇಬರದ್ದು ಹಾಲು ಸಕ್ಕರೆ ಎರಡೂ ಇಲ್ಲದ ಬರೀ ಬಿಸಿನೀರಿನಂಥ ಚಹಾ. ಅದನ್ನು ಚಹಾ ಎಂದು ಕರೆಯಲು ಅವನಿಗೆ ಇನ್ನೂ ಮನಸ್ಸು ಒಪ್ಪುವುದಿಲ್ಲ.

ಮೊನ್ನೆ ರೈಲಿನಲ್ಲಿ ಅವನು ಇನ್ನೊಂದು ಸಂಗತಿ ಹೇಳಿದ. ಅದು ನಡೆದದ್ದು ಶ್ರದ್ಧಾಳ ಗಣಿತದ ಪೇಪರಿನ ದಿನ. ಅವಳು ಬೆಳಿಗ್ಗೆ ಮನೆಯಿಂದ ಮೊದಲೇ ಹೊರಟಿದ್ದಳು, ಪರೀಕ್ಷೆಗೆ ಹೋದಳು ಎಂದು ಇವನು ತಿಳಿದಿದ್ದ. ಅವನ ಸೇವೆ ಮುಗಿದಿತ್ತು, ಸಾಹೇಬರು ಒಳಗೆ ಹೋಗಿದ್ದರು, ಇವನು ಇಡ್ಲಿ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದ್ದ. ಆಗ ಹಿಂದಿನಿಂದ ಎರಡು ಚಪ್ಪಾಳೆ ಕೇಳಿತು. "ಬಂದೆ," ಎಂದು ಕೂಗಿ, ಕೈ ಒರೆಸಿ, ಕೈಗೆ ಸಿಕ್ಕಿದ ಕಪ್ಪಿನಲ್ಲಿ ಚಹಾ ತುಂಬಿಸಿ ಓಡಿದ.

ಗುಡಿಯ ಮುಂದೆ ಶ್ರದ್ಧಾ ನಿಂತಿದ್ದಳು. ಒಂದು ಕೈ ಎತ್ತಿನ ತಲೆಯ ಮೇಲೆ, ಒಂದು ಕೈ ತನ್ನ ತಲೆಯ ಮೇಲೆ.

"ಚಹಾ ದೇವರಿಗಾ ಪಪ್ಪಾ, ನನಗಾ?" ಎಂದು ಕೇಳಿದಳಂತೆ.

"ದೇವರದ್ದು ಆಗಲೇ ಆಗಿದೆ ಮಗಾ," ಎಂದನಂತೆ ಗುಣಪಾಲ. "ಇದು ನೀನು ಕುಡಿ. ಬಿಸಿ ಉಂಟು."

ಕುಡಿದಳೇ ಎಂದು ನಾನು ಕೇಳಿದೆ. ಗುಣಪಾಲ ರೈಲಿನ ಕಿಟಕಿಯ ಹೊರಗೆ ನೋಡಿದ.

"ಒಂದು ಹನಿ ಬಿಡಲಿಲ್ಲ ಭಾವ," ಎಂದ. "ಕಪ್ಪು ತೊಳೆದೂ ಕೊಟ್ಟಳು."